ಕಡಲ ತಳದಲ್ಲೊಂದು ಕಿವಿ

ವಡೋದರಾದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಪಾವಾಗಢ ಹೊಸದಲ್ಲ. ಕಾಳಿಕಾ ಮಾತೆಯ ದರ್ಶನಕ್ಕೆ ಎಲ್ಲರೂ ಬೆಟ್ಟ ಹತ್ತಿದವರೇ. ಆದರೆ ಆ ಬೆಟ್ಟದ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಕೊಡುಗೆ ಎಂದು ಎಷ್ಟು ಮಂದಿಗೆ ಗೊತ್ತು? ಅಲ್ಲಿನ ಬೆಂಕಿ ಎಂದೋ ಆರಿತು. ನಮ್ಮ ದೇಶದಲ್ಲಿ ಇಂದಿಗೂ ಜೀವಂತವಾಗಿರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಬಹುಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಸಿಡಿಯಿತು.

ಈ ಬೆಂಕಿ ಬರುವುದೆಲ್ಲಿಂದ? ನಾವು ನಿಂತಿರುವ ಭಾರತದ ಶಿಲಾಫಲಕ ಅಂಡಮಾನಿನ ಬಳಿ ಪಕ್ಕದ ಫಲಕದ ಅಡಿಗೆ ಜಾರುತ್ತಿದೆ. ಹೋಗುವಾಗ ಕಡಲ ನೀರನ್ನೂ ತನ್ನ ಬಂಡೆಗಳಲ್ಲಿ ಹೊತ್ತೊಯ್ಯುತ್ತದೆ. ಸುಮಾರು ನೂರು ಕಿ.ಮೀ. ಆಳದಲ್ಲಿ ಆ ನೀರು ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್ ಬಂಡೆಯನ್ನು ಸೇರುತ್ತದೆ. ಸಂಚಾ ಐಸ್‌ಕ್ರೀಂ ಮಾಡುವಾಗ ಉಪ್ಪು ಬಿದ್ದ ಮಂಜುಗಡ್ಡೆ ತಣ್ಣಗಿದ್ದೂ ಕರಗುತ್ತದಲ್ಲ, ಹಾಗೆಯೇ ನೀರು ಸೇರಿದ ಬಂಡೆ ಕಡಿಮೆ ಶಾಖದಲ್ಲೇ ಕರಗಿ ಮೇಲೇರುತ್ತದೆ.

ಅಷ್ಟು ಆಳಕ್ಕೆ ಇಳಿದು ನೋಡಿದವರಿಲ್ಲ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿ.ಮೀ. ಚಿಲ್ಲರೆ ಅಷ್ಟೆ. ಅಲ್ಲಿಂದ ಸುದ್ದಿ ತರುವುದು ಹೆಚ್ಚಾಗಿ ಭೂಕಂಪದ ಅಲೆಗಳು.

ಆ ಅಲೆಗಳನ್ನು ನಾನೂ ಕಂಡಿದ್ದೇನೆ. 2001ರ ಜನವರಿ 26ರ ಬೆಳಿಗ್ಗೆ ನಮ್ಮ ಮನೆಯ ಪಾತ್ರೆಗಳು ಗಲಗಲ ಎಂದವು, ಮಕ್ಕಳನ್ನು ಎಳೆದುಕೊಂಡು ಬೀದಿಗೆ ಓಡಿದೆವು. ನಾವು ಉಳಿದೆವು. ಕಚ್ಛದಲ್ಲಿ ಊರೂರೇ ನೆಲಸಮವಾದವು, ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಸತ್ತವರು 13 ಸಾವಿರಕ್ಕೂ ಹೆಚ್ಚು. ಕೊಲ್ಲುವ ಆ ಅಲೆಯೇ ಭೂಮಿಯೊಳಗಿನ ಸಮಾಚಾರವನ್ನೂ ಹೊತ್ತು ತರುತ್ತದೆ ಎಂದು ಮುಂದೆ ಓದಿದಾಗ ನನಗೆ ವಿಚಿತ್ರವೆನಿಸಿತು.

ತೆಂಗಿನಕಾಯಿ ಕೊಳ್ಳುವಾಗ ಅಮ್ಮ ತಟ್ಟಿ ನೋಡುತ್ತಾಳಲ್ಲ, ವಿಜ್ಞಾನಿಗಳ ವಿದ್ಯೆಯೂ ಅದೇ. ಗಟ್ಟಿ ಬಂಡೆಯಲ್ಲಿ ಅಲೆ ವೇಗವಾಗಿ ಓಡುತ್ತದೆ. ಕರಗಿದ ರಸ ಬೆರೆತಲ್ಲಿ ನಿಧಾನವಾಗಿ ಸೊರಗುತ್ತದೆ. ಆದರೆ ದ್ವೀಪಗಳು ಒಂದೇ ಸಾಲಿನಲ್ಲಿವೆ. ಸುತ್ತಲಿಂದಲೂ ಆಲಿಸಬೇಕಾದರೆ ಕಡಲ ತಳಕ್ಕೇ ಕಿವಿ ಇಡಬೇಕು. ಅದಕ್ಕಾಗಿ ಭಾರ ಕಟ್ಟಿದ ಭೂಕಂಪ ಮಾಪಕವನ್ನು ಹಡಗಿನಿಂದ ನೀರಿಗೆ ಬಿಡುತ್ತಾರೆ. ತಿಂಗಳುಗಟ್ಟಲೆ ಅದು ಕತ್ತಲಲ್ಲಿ ಒಂಟಿಯಾಗಿ ಕೂತು ಬರೆದುಕೊಳ್ಳುತ್ತದೆ. ರೇಡಿಯೋ ಅಲೆ ಅಲ್ಲಿಗೆ ತಲುಪದು. ತನ್ನ ಗಡಿಯಾರವೇ ಅದಕ್ಕೆ ಗತಿ. ಕೊನೆಗೆ ಹಡಗು ಬಂದು ಧ್ವನಿ ಸಂಕೇತದಿಂದ ಕರೆದಾಗ ಭಾರ ಕಳಚಿ ತೇಲಿ ಬರುತ್ತದೆ. ಕೆಲವು ಬರುವುದೇ ಇಲ್ಲ!

ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅಂಡಮಾನ್ ಸಮುದ್ರದಲ್ಲಿ ಇಂಥ ಉಪಕರಣಗಳನ್ನು ಇಳಿಸಿದ್ದರು. 2014ರ ಮಾರ್ಚಿನಲ್ಲಿ ನಿಕೋಬಾರ್ ಬಳಿ ಸಾಲುಸಾಲಾಗಿ ಆದ ಸಣ್ಣ ಕಂಪನಗಳು ಅವುಗಳಲ್ಲಿ ದಾಖಲಾದವು. ತಳದಡಿ ಶಿಲಾರಸ ಚಲಿಸುತ್ತಿರುವುದರ ಗುರುತನ್ನು ಅವರು ಅದರಲ್ಲಿ ಕಂಡರು.

“ಇದರಿಂದ ಭೂಕಂಪ ಎಂದಾಗುತ್ತದೆಂದು ಹೇಳಬಹುದೇ?” ಎಂದು ನೀವು ಕೇಳಬಹುದು. ಇಲ್ಲ, ಆ ದಿನ ಇನ್ನೂ ಬಂದಿಲ್ಲ. ಆದರೆ ನೆಲದ ಗುಣ ತಿಳಿಯದೆ ಮನೆ ಕಟ್ಟಿದರೆ ಏನಾಗುತ್ತದೆಂದು ಗುಜರಾತ್ ನೋಡಿದೆ. 2001ರ ನಂತರ ರಾಜ್ಯ ಸರ್ಕಾರ ಗಾಂಧಿನಗರದಲ್ಲಿ ಭೂಕಂಪ ಸಂಶೋಧನಾ ಸಂಸ್ಥೆಯನ್ನೇ ತೆರೆಯಿತು. ಎಂಜಿನಿಯರಿಂಗ್, ಮೆಡಿಕಲ್ ಎಂದು ಓಡುವ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಈ ದಾರಿ ಹಿಡಿದರೆ ನನಗೆ ಬಹಳ ಸಂತೋಷ. ಬೇಕಾದದ್ದು ಗಣಿತ, ಭೌತಶಾಸ್ತ್ರ ಮತ್ತು ಕಾಯುವ ತಾಳ್ಮೆ.