ಗುಮಾಸ್ತನ ಜೀಪು

ಸರ್ಕಾರಿ ಕಚೇರಿಯ ಗುಮಾಸ್ತನಿಗೂ ಜೀಪಿಗೂ ಇರುವ ಸಂಬಂಧ ಬಹು ಹಳೆಯದು. ಜೀಪಿನಿಂದ ಸಾಹೇಬರು ಇಳಿಯುತ್ತಾರೆ. ಗುಮಾಸ್ತ ಫೈಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಸಾಹೇಬರು ಈಗ ಜೀಪು ಬಿಟ್ಟು ಬೆಳ್ಳನೆಯ ಕಾರು ಹತ್ತಿದ್ದಾರೆ, ಆ ಮಾತು ಬೇರೆ. ಹೀಗಿರುವಾಗ ಪುಣೆಯಲ್ಲಿ ಗುಮಾಸ್ತಿಕೆ ಮಾಡಿಕೊಂಡು, ಬಾಡಿಗೆಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿರುವ ನಾವು ಒಂದು ಜೀಪಿಗೆ ಲಕ್ಷ ರೂಪಾಯಿ ಸುರಿದೆವೆಂದರೆ ವಾಚಕರು ನಗಬಹುದು. ನಗಲಿ, ನಮ್ಮ ಕಚೇರಿಯವರು ಆಗಲೇ ನಕ್ಕು ಮುಗಿಸಿದ್ದಾರೆ. ಬಿ.ಎ.ಯಲ್ಲಿ ನಾವು ಓದಿದ್ದು ಇತಿಹಾಸ. ಕಿಂಗ್ ಪಿನ್ ಎಂದರೆ ಯಾವ ರಾಜನದೆಂದು ಕೇಳುವಷ್ಟೇ ನಮ್ಮ ಯಂತ್ರಜ್ಞಾನ.

ಜೀಪು ನಮ್ಮದಲ್ಲ, ಅಪ್ಪಯ್ಯನದು. ೧೯೮೯ರಲ್ಲಿ ತಯಾರಾದ ಮಹೀಂದ್ರ ಎಂ.ಎಂ. ೫೪೦. ಒಂದು ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಅಪ್ಪಯ್ಯ ಅದನ್ನು ಯಾರಿಂದಲೋ ಕೊಂಡಿದ್ದ. ಶಿರಸಿಯ ಆಚೆ ನಮ್ಮೂರು. ಊರೆಂದರೆ ಐದು ಮನೆಯ ಒಂದು ಕೇರಿ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಕೆಂಪು ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಎದೆಮಟ್ಟದ ಏರು. ಬೇಸಗೆಯಲ್ಲಿ ಯಾವ ಕಾರಾದರೂ ಬಂದೀತು. ಜೂನ್ ತಿಂಗಳಿಂದ ಅಕ್ಟೋಬರಿನ ತನಕ ಜೀಪೊಂದೇ ಗತಿ. ೨೦೧೯ರಲ್ಲಿ ಅಪ್ಪಯ್ಯನ ಕಣ್ಣಿಗೆ ಪೊರೆ ಬಂದು, ಸ್ಟಿಯರಿಂಗ್ ಹಿಡಿಯುವುದನ್ನು ಅವನೇ ಬಿಟ್ಟ. ಅಂದಿನಿಂದ ಜೀಪು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಅಡಿಕೆ ಸಿಪ್ಪೆಯ ಗುಡ್ಡೆಗೆ ಒರಗಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಮನೆಯ ಬೆಕ್ಕು ಮೂರು ಸಲ ಹೆತ್ತಿತು.

೨೦೨೪ರ ಜುಲೈ ತಿಂಗಳು ನಮ್ಮ ಜಿಲ್ಲೆಯವರಿಗೆ ಮರೆಯುವಂಥದಲ್ಲ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದು ಆಗಲೇ. ಅದೇ ಮಳೆಯಲ್ಲಿ ಅಪ್ಪಯ್ಯ ತೋಟದ ಕಾಲುಸಂಕದ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಆಂಬುಲೆನ್ಸು ಡಾಂಬರು ರಸ್ತೆಯ ತನಕ ಬಂದು ನಿಂತಿತು. ಕೇರಿಯ ನಾಲ್ವರು ಅವನನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಎರಡು ಅಡಿಕೆ ದಬ್ಬೆ ಕಟ್ಟಿ, ತೊಡೆಮಟ್ಟದ ನೀರಿನಲ್ಲಿ ಹಳ್ಳ ದಾಟಿಸಿದರು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಆ ಮೂರು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತೆಂದು ಫೋನಿನಲ್ಲಿ ಕೇಳಿದ ಮೇಲೆ ನಮಗೆ ಪುಣೆಯಲ್ಲಿ ಮಳೆ ಬಂದರೂ ನಿದ್ದೆ ಬರುವುದಿಲ್ಲ.

ಜೀಪನ್ನು ಗುಜರಿಗೆ ಕೊಟ್ಟು ಮಾವನವರನ್ನು ಪುಣೆಗೆ ಕರೆದುಕೊಂಡು ಹೋಗಿ ಎಂದು ನಮ್ಮ ಭಾವ ಹೇಳಿದರು. ಅಪ್ಪಯ್ಯನದು ಒಂದೇ ಮಾತು: “ಆನು ಅಲ್ಲಿಗೆ ಬಂದು ಎಂತ ಮಾಡವು ತಮಾ? ತೋಟ ಯಾರು ನೋಡ್ತ?” ನಮ್ಮ ಮನೆಯಾಕೆ ಯಾರ ಪಕ್ಷ ಹಿಡಿದಾಳು ಎಂದು ಕಾಯುತ್ತಿದ್ದೆವು. ಆಕೆ ಫ್ರಿಜ್ಜಿಗೆಂದು ಕಟ್ಟುತ್ತಿದ್ದ ಆರ್.ಡಿ. ಪಾಸ್‌ಬುಕ್ಕು ತಂದು ಮುಂದಿಟ್ಟು, “ಮಾವಯ್ಯ ಇಲ್ಲಿಗೆ ಬಂದು ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗುತ್ತ ಕೂರಬೇಕೆ? ಗಾಡಿ ಸರಿಮಾಡಿಸಿ” ಎಂದಳು. ಅದರಲ್ಲಿದ್ದದ್ದು ೪೦,೦೦೦. ಉಳಿದ ೬೦,೦೦೦ವನ್ನು ಕಚೇರಿಯ ಪತ್ತಿನ ಸೊಸೈಟಿಯಲ್ಲಿ ಸಾಲವೆತ್ತಿದೆವು. ಸಾಲದ ಅರ್ಜಿಯಲ್ಲಿ ಕಾರಣದ ಮುಂದೆ ‘ತಂದೆಯವರ ಆರೋಗ್ಯ’ ಎಂದು ಬರೆದೆವು. ಅಕ್ಷರಶಃ ನಿಜ. ಹೀಗೆ ಲಕ್ಷಕ್ಕೆ ಒಂದು ಪೈಸೆ ಮೀರಕೂಡದೆಂದು ಗೆರೆ ಎಳೆದು ೨೦೨೫ರ ದೀಪಾವಳಿಗೆ ಊರಿಗೆ ಹೋದೆವು.

ಇತಿಹಾಸ ಓದಿದ ದೋಷ, ಒಂದು ಮಾತು ಹೇಳದೆ ಇರಲಾರೆವು. ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ಯುದ್ಧ ಮುಗಿದ ೧೯೪೫ರಲ್ಲಿ ಲುಧಿಯಾನಾದಲ್ಲಿ ಮಹೀಂದ್ರ ಸೋದರರೂ ಮಲಿಕ್ ಗುಲಾಮ್ ಮೊಹಮ್ಮದರೂ ಕೂಡಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂದು ಕಂಪನಿ ಕಟ್ಟಿದರು. ದೇಶ ಎರಡಾಯಿತು, ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ೧೯೫೧ರಲ್ಲಿ ಅಲ್ಲಿಯ ಗವರ್ನರ್ ಜನರಲ್ ಆದರು. ೧೯೪೮ರಲ್ಲೇ ಇಲ್ಲಿಯ ಹಲಗೆಯ ಮೇಲೆ ಎರಡು ಸಲವೂ ಮಹೀಂದ್ರ ಎಂದೇ ಬರೆದಾಗಿತ್ತು. ಇದನ್ನು ನಮ್ಮ ಮೇಸ್ತ್ರಿಗೆ ಹೇಳಿದಾಗ ಅವರು, “ಅದೆಲ್ಲ ಇರ್ಲಿ ಹೆಗಡೇರೇ, ಜ್ಯಾಕ್ ಹಿಡೀರಿ” ಎಂದರು.

ಮೇಸ್ತ್ರಿಯವರು ಶಿರಸಿಯ ಒಬ್ಬ ಸಾಬರು. ವಯಸ್ಸು ಅರವತ್ತು ದಾಟಿದೆ. ಎಸ್ಟೇಟಿನ, ಅರಣ್ಯ ಇಲಾಖೆಯ ಜೀಪುಗಳನ್ನೆಲ್ಲ ಬಿಚ್ಚಿ ಕಟ್ಟಿದ ಕೈ. ನಾವು ಎಂಜಿನ್ ಯಾವಾಗ ಶುರುವಾದೀತು ಎಂದು ಕೇಳಿದರೆ, “ಓಡೋದು ಆಮೇಲೆ. ಮೊದ್ಲು ನಿಲ್ಲೋದು ನೋಡುವಾ” ಎಂದು ನಾಲ್ಕೂ ಚಕ್ರ ಬಿಚ್ಚಿ ಹಾಕಿದರು.

ಬ್ರೇಕಿನ ಎಣ್ಣೆಗೆ ಒಂದು ಸ್ವಭಾವವಿದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆರು ಮಳೆಗಾಲ ನಿಂತ ಗಾಡಿಯಲ್ಲಿ ಆ ತೇವ ಒಳಗಿಂದಲೇ ತುಕ್ಕಾಗಿ, ಚಕ್ರದ ಸಿಲಿಂಡರುಗಳ ಪಿಸ್ಟನ್ನು ಅಂಟಿಹೋಗಿತ್ತು. ರಬ್ಬರ್ ಕಪ್ಪುಗಳು ನೀರಿನಲ್ಲಿ ನೆನೆದ ಹಪ್ಪಳದಂತೆ ಉಬ್ಬಿದ್ದವು. ಕಿಟ್ ಹಾಕಿ ಹಳೆಯ ಸಿಲಿಂಡರನ್ನೇ ಉಳಿಸಿದರೆ ಮೂರು ಸಾವಿರ ಮಿಗುತ್ತದಲ್ಲ ಎಂದೆವು. ಸಾಬರು ಸಿಲಿಂಡರಿನೊಳಗೆ ನಮ್ಮ ಬೆರಳನ್ನೇ ಹಿಡಿದು ಆಡಿಸಿದರು. ಗೋಡೆಯ ತುಂಬ ಸಣ್ಣ ಸಣ್ಣ ಗುಳಿ. ಹೊಸ ರಬ್ಬರು ಆ ಗುಳಿಗಳ ಮೇಲೆ ಹರಿದಾಡಿ ಒಂದು ತಿಂಗಳಲ್ಲಿ ಸೋರುತ್ತದೆ. ನಾಲ್ಕೂ ಸಿಲಿಂಡರು, ಮಾಸ್ಟರ್ ಸಿಲಿಂಡರು, ರಬ್ಬರ್ ಪೈಪು ಎಲ್ಲ ಹೊಸವು. ಡ್ರಮ್ಮುಗಳನ್ನು ಲೇತಿಗೆ ಹಾಕಿ ಒಳಮೈ ನಯಮಾಡಿಸಿ, ಬ್ರೇಕ್ ಶೂಗಳಿಗೆ ಹೊಸ ಲೈನರು ರಿವೆಟ್ ಹೊಡೆಸಿದ್ದಾಯಿತು. ಗಾಳಿ ತೆಗೆಯುವ ಕೆಲಸ ನಮ್ಮದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಬೇಕು: ನಾವು ಪೆಡಲು ತುಳಿದು ಹಿಡಿಯುವುದು, ಅವರು ಕೆಳಗೆ ನಿಪ್ಪಲು ಸಡಿಲಿಸಿ ಗುಳ್ಳೆ ಬಿಟ್ಟು ಬಿಗಿಯುವುದು, “ಬಿಡಿ” ಎಂದಾಗ ಬಿಡುವುದು. ಹತ್ತು ವರ್ಷದ ನೌಕರಿಯಲ್ಲಿ ಹೇಳಿದಂತೆ ಕೇಳುವ ಅಭ್ಯಾಸವಾಗಿರುವುದರಿಂದ ಈ ಕೆಲಸದಲ್ಲಿ ನಮಗೆ ಒಳ್ಳೆಯ ಹೆಸರು ಬಂತು. ಬ್ರೇಕಿಗೆ ಒಟ್ಟು ೧೯,೪೦೦. ಕೊಟ್ಟ ದುಡ್ಡಿನಲ್ಲಿ ನಮಗೆ ಒಂದಿಷ್ಟೂ ನೋವೆನಿಸದ ದುಡ್ಡು ಅದೊಂದೇ.

ಬಿಡಿ ಸಾಮಾನಿನ ವಿಷಯದಲ್ಲಿ ಪುಣೆಯಲ್ಲಿರುವುದು ಒಂದು ಭಾಗ್ಯ. ನಾನಾ ಪೇಠೆಗೆ ಹೋದರೆ ಮೋಟಾರಿನ ಹೊಸ ಸಾಮಾನು, ಹಳೆ ಸಾಮಾನು ಎರಡೂ ಉಂಟು. ಸಾಬರು ಚೀಟಿ ಬರೆದು ಕೊಟ್ಟಿದ್ದರು. ನಾವು ಶನಿವಾರಗಳಂದು ಅಂಗಡಿಯಿಂದ ಅಂಗಡಿಗೆ ಅಲೆದೆವು. ಅವರು ಕಲಿಸಿದ ಪಾಠ ಇಷ್ಟು. ರಬ್ಬರು, ಬೇರಿಂಗು, ಬ್ರೇಕಿನ ಭಾಗ, ಇವನ್ನು ಪುಕ್ಕಟೆ ಕೊಟ್ಟರೂ ಹಳೆಯವು ಬೇಡ. ಗೇರು, ಶಾಫ್ಟು, ಡ್ರಮ್ಮು, ಇಂಥ ದಪ್ಪ ಕಬ್ಬಿಣದ ಸಾಮಾನಾದರೆ ಹಳೆಯ ಅಸಲು ಮಾಲು ಹೊಸ ನಕಲಿಗಿಂತ ಎಷ್ಟೋ ವಾಸಿ. ಒಂದು ಅಂಗಡಿಯಾತ ಹೊಳೆಯುವ ಹೊಸ ಬಾಲ್ ಜಾಯಿಂಟು ತೋರಿಸಿ ಅಸಲಿ ಎಂದು ಆಣೆಯಿಟ್ಟ. ಡಬ್ಬಿಯ ಮೇಲೆ ಕಂಪನಿಯ ಹೆಸರಿನಲ್ಲೇ ಒಂದು ಅಕ್ಷರ ತಪ್ಪಿತ್ತು. ದಿನವಿಡೀ ಕರಡು ತಿದ್ದುವವರ ಕಣ್ಣಿಗೆ ಅದು ಬೀಳದೆ ಇದ್ದೀತೆ? ಕೊಂಡದ್ದನ್ನು ಗೋಣಿಚೀಲದಲ್ಲಿ ಕಟ್ಟಿ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಶಿರಸಿಗೆ. ಒಮ್ಮೆ ಕಂಡಕ್ಟರರು ಚೀಲ ಎತ್ತಿನೋಡಿ, “ಏನ್ರೀ ಇದು, ಪೂರಾ ಗಾಡಿನೇ ತುಂಬೀರೇನು?” ಎಂದು ಲಗೇಜಿನ ಟಿಕೀಟು ಹರಿದರು.

ಸ್ಟಿಯರಿಂಗಿನಲ್ಲಿ ಕಾಲು ಸುತ್ತಿನಷ್ಟು ಆಟ ಇತ್ತು. ಟೈರಾಡಿನ ಕೀಲುಗಳನ್ನೂ ಮುಂದಿನ ಅಚ್ಚಿನ ಕಿಂಗ್ ಪಿನ್ ಬೇರಿಂಗುಗಳನ್ನೂ ಬದಲಿಸಿ, ಪಾಟಾಗಳ ಬುಷ್ ಹಾಕಿಸಿದ ಮೇಲೆ ಅದು ಹೇಳಿದ ಮಾತು ಕೇಳತೊಡಗಿತು. ಇದಕ್ಕೆ ೮,೭೦೦.

ಟೈರಿನ ವಿಷಯದಲ್ಲಿ ಕೇರಿಯ ಹುಡುಗರಿಗೂ ಸಾಬರಿಗೂ ವಾದವಾಯಿತು. ಹುಡುಗರಿಗೆ ಅಗಲವಾದ ಟೈರು, ಹೊಳೆಯುವ ರಿಮ್ಮು, ಎತ್ತರಿಸಿದ ಪಾಟಾ ಬೇಕು. ಸಾಬರು ಮೂಲದ ೬.೦೦-೧೬ ಅಳತೆಯ ಕಿರಿದಾದ, ದೊಡ್ಡ ಹಲ್ಲಿನ ಟೈರೇ ಆಗಬೇಕೆಂದರು. ನಮ್ಮ ದಾರಿಯಲ್ಲಿ ಕೆಸರು ಒಂದು ಗೇಣು, ಕೆಳಗೆ ಗಟ್ಟಿ ನೆಲ. ಕಿರಿದಾದ ಟೈರು ಕೆಸರನ್ನು ಕೊಯ್ದು ನೆಲ ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲುತ್ತದೆ. ಅಗಲ ಟೈರಿಗೆ ಸ್ಟಿಯರಿಂಗು ಭಾರ, ಬೇರಿಂಗಿಗೂ ಶ್ರಮ. ನಾವು ಗುಮಾಸ್ತರ ಮಾತು ಸೇರಿಸಿದೆವು: ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ನೋಂದಣಿ ಪುಸ್ತಕದಲ್ಲಿ ನಮೂದಾದ ತಯಾರಕರ ಮೂಲ ನಮೂನೆಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸಕೂಡದೆಂದು ತೀರ್ಪು ಕೊಟ್ಟಿದೆ. ಹುಡುಗರು ಸುಮ್ಮನಾದರು. ನಾಲ್ಕು ಟೈರಿಗೆ ೨೪,೦೦೦ ಆಯಿತು, ಸ್ಟೆಪ್ನಿ ಹಳೆಯದೇ.

ಎಂಜಿನ್ನು ಫ್ರಾನ್ಸಿನ ಪೂಜೋ ವಿನ್ಯಾಸದ್ದು, ೨೧೧೨ ಸಿ.ಸಿ.ಯ ಡೀಸೆಲ್. ಅದನ್ನು ಬಿಚ್ಚಲೇ ಇಲ್ಲ. ಹೀಟರ್ ಪ್ಲಗ್ಗುಗಳ ತೂತಿನಿಂದ ಸಿಲಿಂಡರಿಗೆ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಇಟ್ಟು, ಕೈಯಿಂದ ತಿರುಗಿಸಿ ನೋಡಿದರು, ಸಲೀಸಾಗಿ ತಿರುಗಿತು. ಟ್ಯಾಂಕಿನ ತುಕ್ಕು ತೊಳೆದು, ಫಿಲ್ಟರು ಬದಲಿಸಿ, ನಾಝಲುಗಳನ್ನು ಪಂಪಿನ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ್ದಾಯಿತು. ಮೂರನೆಯ ಸಲಕ್ಕೆ ಬಿಳಿಯ ಹೊಗೆ ಉಗುಳಿ ಹೊತ್ತಿಕೊಂಡಾಗ ಅಪ್ಪಯ್ಯ ಜಗಲಿಯಿಂದ ಎದ್ದು ಬಂದು ಏನೂ ಹೇಳದೆ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ. ವಯರಿಂಗು ಮಾತ್ರ ಇಲಿಗಳ ಪಾಲಾಗಿತ್ತು, ಪೂರ್ತಿ ಹೊಸದು.

ನಾಲ್ಕು ಚಕ್ರದ ಬಲದ ವಿಷಯ ಕಾರಿನವರಿಗೆ ತಿಳಿದಿರಲಾರದು. ಗೇರಿನ ಪಕ್ಕದಲ್ಲಿ ಇನ್ನೂ ಎರಡು ಕೋಲುಗಳಿವೆ. ಒಂದು, ಮುಂದಿನ ಅಚ್ಚಿಗೂ ಎಂಜಿನ್ನಿನ ಶಕ್ತಿ ಕೊಡುವುದು. ಇನ್ನೊಂದು, ವೇಗ ಇಳಿಸಿ ಬಲ ಹೆಚ್ಚಿಸುವ ‘ಲೋ’. ಆರು ವರ್ಷ ಅಲುಗದೆ ಎರಡೂ ಬಿಗಿದುಹೋಗಿದ್ದವು. ಎಣ್ಣೆ ಬದಲಿಸಿ, ಮೆಲ್ಲಗೆ ತಟ್ಟಿ ಬಿಡಿಸಿದರು. ಇದನ್ನು ಡಾಂಬರಿನ ಮೇಲೆ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದೇ ದೂರ ಉರುಳುವುದಿಲ್ಲ. ಎರಡನ್ನೂ ಬಿಗಿಯಾಗಿ ಜೋಡಿಸಿದ ಮೇಲೆ ಆ ಅಂತರ ಹೋಗಲು ದಾರಿಯಿಲ್ಲದೆ ಗೇರುಗಳೇ ಹಿಂಡಿಹೋಗುತ್ತವೆ. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಸರಿದೂಗುತ್ತದೆ. ಜನವರಿಯಲ್ಲಿ ಪರೀಕ್ಷೆಗೆಂದು ಹಿಂದೆ ಎಂಟು ಚೀಲ ಅಡಿಕೆ ಹೇರಿ, ಪಕ್ಕದ ಮನೆಯ ಹುಡುಗನನ್ನು ಸ್ಟಿಯರಿಂಗಿಗೆ ಕೂರಿಸಿದೆವು. ಆತನಿಗೆ ಲೈಸೆನ್ಸು ಉಂಟು. ಪಕ್ಕದಲ್ಲಿ ಅಪ್ಪಯ್ಯ. ಹಳ್ಳದಲ್ಲಿ ಮೊಣಕಾಲು ನೀರು. “ಲೋ ಹಾಕು. ಈಗ ಕ್ಲಚ್ ಮುಟ್ಟಡ” ಎಂದು ಅಪ್ಪಯ್ಯ ಹೇಳುತ್ತಿದ್ದಂತೆ ಗಾಡಿ ಎಮ್ಮೆಯ ಹಾಗೆ ನಿಧಾನವಾಗಿ ಏರು ಹತ್ತಿ ನಿಂತಿತು.

ಕಾಗದದ ಖರ್ಚನ್ನು ನಮ್ಮಂಥವರೇ ಮೊದಲು ಲೆಕ್ಕ ಹಾಕಬೇಕು. ಹಳೆಯ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ೬೦೦ ಇದ್ದ ಶುಲ್ಕ ೨೦೨೨ರ ಏಪ್ರಿಲಿನಿಂದ ೫,೦೦೦ ಆಯಿತು; ೨೦೨೫ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ೧೦,೦೦೦. ಕಟ್ಟಿದೆವು. ಗಾಡಿಯನ್ನು ಪುಣೆಗೆ ತನ್ನಿ ಎಂದು ಗೆಳೆಯರು ಹೇಳುತ್ತಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೇಲೆ ಇಟ್ಟುಕೊಂಡರೆ ಅಲ್ಲಿಯ ಸಂಖ್ಯೆ ಪಡೆಯಬೇಕು. ಮೇಲಾಗಿ ನಮ್ಮ ಗಲ್ಲಿಯಲ್ಲಿ ಸೈಕಲ್ಲು ನಿಲ್ಲಿಸಲೂ ಸ್ಥಳವಿಲ್ಲ.

ಲಕ್ಷದಲ್ಲಿ ೩,೪೦೦ ಉಳಿದಿತ್ತು. ಉಳಿದ ನಾಲ್ಕು ಮನೆಯವರು ಎರಡೆರಡು ಸಾವಿರ ಹಾಕಿ ಹೊಸ ಹುಡ್ಡು ಹೊಲಿಸಿದರು. ಆಸ್ಪತ್ರೆಗೆ ಯಾರೇ ಹೋಗಲಿ, ಡೀಸೆಲನ್ನು ಐದು ಮನೆಗೆ ಹಂಚುವುದೆಂದು ಮಾತಾಯಿತು. ಕೊನೆಯದಾಗಿ ೧,೧೦೦ಕ್ಕೆ ಎಡಬದಿಯಲ್ಲಿ ಒಂದು ತಗ್ಗಿನ ಮೆಟ್ಟಿಲನ್ನೂ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿಯನ್ನೂ ಬೆಸುಗೆ ಹಾಕಿಸಿದೆವು. ಜೀಪಿನ ನೆಲ ಎತ್ತರ. ಸೊಂಟ ನೋವಿನವರು ಹತ್ತುವುದು ಕಷ್ಟ. ಇದೆಲ್ಲ ತನಗೆ ಬೇಡವೆಂದು ಅಪ್ಪಯ್ಯ ಗೊಣಗಿದ. ಈಗ ಹತ್ತುವಾಗ ಆಚೀಚೆ ನೋಡಿ, ಯಾರೂ ಇಲ್ಲದಿದ್ದರೆ ಹಿಡಿ ಹಿಡಿಯುತ್ತಾನಂತೆ.

ಫೆಬ್ರುವರಿಯಲ್ಲಿ ಅದೇ ಜೀಪಿನಲ್ಲಿ ಶಿರಸಿಗೆ ಹೋಗಿ, ಆರು ವರ್ಷದಿಂದ ಮುಂದೂಡುತ್ತ ಬಂದಿದ್ದ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ. ದೃಷ್ಟಿ ತಿಳಿಯಾಗಿದೆ. ತಿಳಿಯಾದ ದೃಷ್ಟಿಗೆ ಮೊದಲು ಕಂಡದ್ದು, ವೈಪರು ಅರ್ಧಕ್ಕೆ ನಿಲ್ಲುತ್ತದೆ ಎಂಬುದು. ಮಳೆ ಹಿಡಿಯುವ ಮೊದಲು ವೈಪರಿನ ಮೋಟಾರು ತರಬೇಕೆಂದು ಫೋನು ಬಂದಿತ್ತು. ತಂದು ಚೀಲಕ್ಕೆ ಹಾಕಿಟ್ಟಿದ್ದೇವೆ. ನಿನ್ನೆ ಇನ್ನೊಂದು ಫೋನು ಬಂತು. ಲೈಸೆನ್ಸು ನವೀಕರಿಸುವ ಫಾರಮನ್ನೂ ಒಂದು ತರಬೇಕಂತೆ. ಅದನ್ನು ಇನ್ನೂ ಚೀಲಕ್ಕೆ ಹಾಕಿಲ್ಲ.