ನಿಂತ ಕೆಲಸ

ಒಪ್ಪಿಸಿದ ಕೆಲಸವು ಅರ್ಧಕ್ಕೆ ನಿಂತಿತೆಂದರೆ ಅದನ್ನು ಹೊತ್ತವನ ಸೋಮಾರಿತನವನ್ನೇ ನಾವು ಮೊದಲು ಎಣಿಸುತ್ತೇವೆ. ಅವನು ನಮ್ಮನ್ನು ಏನನ್ನೋ ಕೇಳಬೇಕೆಂದು ಬಾಗಿಲ ಬಳಿ ಕಾದು ನಿಂತಿರಬಹುದೆಂಬುದು ಹೊಳೆಯುವುದು ಅಪರೂಪ. ಮನುಷ್ಯರ ವಿಷಯದಲ್ಲಿ ಇದು ಹಳೆಯ ಮಾತು. ಯಂತ್ರದ ವಿಷಯದಲ್ಲಿಯೂ ಇದು ಸತ್ಯವೆಂಬುದನ್ನು ಯೂನಿಕ್ಸ್ ವ್ಯವಸ್ಥೆಯ ಷೆಲ್ಲಿನೊಡನೆ ಬಹುಕಾಲ ಒಡನಾಡಿ ನಾನು ತಿಳಿದುಕೊಂಡೆನು.

ಷೆಲ್ ಎಂದರೆ ನಾವು ಕೀಲಿಮಣೆಯಲ್ಲಿ ಬರೆದ ಆಜ್ಞೆಯನ್ನು ಓದಿ ಗಣಕಯಂತ್ರದಿಂದ ಕೆಲಸ ಮಾಡಿಸುವ ಪ್ರೋಗ್ರಾಂ. ಆಜ್ಞೆಯ ಕೊನೆಯಲ್ಲಿ ‘&’ ಎಂಬ ಚಿಹ್ನೆಯನ್ನಿಟ್ಟರೆ ಆ ಕೆಲಸವು ಹಿನ್ನೆಲೆಗೆ ಸರಿದು ತನ್ನಷ್ಟಕ್ಕೆ ತಾನು ನಡೆಯುವುದು; ನಾವು ಮುನ್ನೆಲೆಯಲ್ಲಿ ಬೇರೊಂದು ಕೆಲಸಕ್ಕೆ ತೊಡಗಬಹುದು. ಆದರೆ ಕೀಲಿಮಣೆ ಒಂದೇ ಅಷ್ಟೆ. ಇಬ್ಬರು ಅದನ್ನು ಓದತೊಡಗಿದರೆ ನಾವು ಬರೆದ ಅಕ್ಷರಗಳು ಯಾರ ಪಾಲಿಗೆ ಹೋದುವೆಂದು ಹೇಳುವವರಾರು? 1979ರ ಬೋರ್ನ್ ಷೆಲ್, ಹಿನ್ನೆಲೆಯ ಕೆಲಸಕ್ಕೆ ಕೀಲಿಮಣೆಯ ಸಂಬಂಧವನ್ನೇ ಕಡಿದು, ಏನೂ ಇಲ್ಲದ ಬರಿಯ ಫೈಲೊಂದನ್ನು ಓದಲು ಕೊಡುತ್ತಿತ್ತು. ಆಸ್ಟ್ರಿಯಾ ದೇಶದ ಲಾಕ್ಸೆನ್‌ಬರ್ಗಿನ ಸಂಶೋಧನ ಸಂಸ್ಥೆಯಲ್ಲಿದ್ದ ಜಿಮ್ ಕಲ್ಪ್ ಎಂಬವರು ಸಿ ಷೆಲ್ಲಿನಲ್ಲಿ ಮೊದಲು ರೂಪಿಸಿದ ಬೇರೊಂದು ಏರ್ಪಾಡು 1980ರ ಬರ್ಕ್ಲಿ ಯೂನಿಕ್ಸಿನೊಡನೆ ಪ್ರಚಾರಕ್ಕೆ ಬಂದಿತು. ಅದರಂತೆ ಕೆಲಸಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಬಹುದು. ಆದರೆ ಮುನ್ನೆಲೆಯಲ್ಲಿರುವ ಕೆಲಸಕ್ಕೆ ಮಾತ್ರವೇ ಕೀಲಿಮಣೆಯ ಅಧಿಕಾರ. ಹಿನ್ನೆಲೆಯದು ಅದನ್ನು ಓದಹೋದರೆ, ವ್ಯವಸ್ಥೆಯ ತಿರುಳಾದ ಕರ್ನೆಲ್ ‘ಸಿಗ್‌ಟಿಟಿಇನ್’ ಎಂಬ ಸಂಕೇತವನ್ನು ಕಳುಹಿಸಿ ಅದನ್ನು ಅಲ್ಲಿಯೇ ನಿಲ್ಲಿಸಿಬಿಡುವುದು.

ಕೆಲವು ವರ್ಷಗಳ ಹಿಂದೆ ನನ್ನ ಕಿರಿಯ ಸಹೋದ್ಯೋಗಿಯೊಬ್ಬನು ಇಂಥ ಸಂಕಟದಲ್ಲಿ ಸಿಕ್ಕಿದನು. ಮನೆತನವೊಂದರ ಹಳೆಯ ಕಾಗದಪತ್ರಗಳ ಚಿತ್ರಗಳಿದ್ದ ಡಿಸ್ಕು ಒಂದು ದಿನದ ಮಟ್ಟಿಗೆ ನಮ್ಮ ಕೈಗೆ ಬಂದಿತ್ತು. ಮರುದಿನ ಸಂಜೆಗೆ ಹಿಂದಿರುಗಿಸಬೇಕು. ಮತ್ತೊಮ್ಮೆ ದೊರೆಯುವ ಭರವಸೆಯಿಲ್ಲ. ಅವನು ಹತ್ತು ಫೈಲುಗಳನ್ನು ನಕಲು ಮಾಡಿ ಪರೀಕ್ಷಿಸಿದನು. ಬಳಿಕ ಎಲ್ಲವನ್ನೂ ನಕಲು ಮಾಡುವ ಆಜ್ಞೆಯನ್ನು ಹಿನ್ನೆಲೆಗೆ ಕಳುಹಿಸಿ ಮನೆಗೆ ಹೋದನು. ಬೆಳಗ್ಗೆ ಬಂದು ನೋಡಿದರೆ ಡಿಸ್ಕಿನ ದೀಪ ಮಿನುಗುತ್ತಿಲ್ಲ. ಪರದೆಯ ಮೇಲೆ, ಆಗಲೇ ಇರುವ ಫೈಲೊಂದರ ಹೆಸರನ್ನು ಹೇಳಿ, ಅದರ ಮೇಲೆ ಬರೆಯಲೆ ಎಂಬ ಪ್ರಶ್ನೆ. ಅವನು ಹೌದೆಂಬರ್ಥದ ‘ವೈ’ ಅಕ್ಷರವನ್ನು ಒತ್ತಿದನು. ಅಂಥ ಆಜ್ಞೆಯೇ ಇಲ್ಲವೆಂದು ಷೆಲ್ ಉತ್ತರ ಕೊಟ್ಟಿತು! ಪ್ರಶ್ನೆ ಕೇಳಿದವನೊಬ್ಬ, ಉತ್ತರ ಕೇಳಿಸಿಕೊಂಡವನು ಇನ್ನೊಬ್ಬ. ಹುಡುಗನು ‘ಬಿಜಿ’ ಎಂದು ಬರೆದು ಕೆಲಸವನ್ನು ಹಿನ್ನೆಲೆಯಲ್ಲಿಯೇ ಮುಂದುವರಿಸಹೋದನು. ಮರುಕ್ಷಣವೇ ಅದು ಮತ್ತೆ ನಿಂತಿತು.

ಇನ್ನು ಇದನ್ನು ಕೊಂದು ಮೊದಲಿನಿಂದ ಆರಂಭಿಸುವುದೇ ಸರಿಯೆಂದು ಅವನು ಹೊರಟನು. ನಾನು ತಡೆದೆನು. ಕೊಂದು ಮತ್ತೆ ಹುಟ್ಟಿಸಿದರೂ ಅದು ಅದೇ ಫೈಲಿನ ಬಳಿಗೆ ಬಂದು, ಅದೇ ಪ್ರಶ್ನೆಯನ್ನು ಕೇಳಿ, ಅಲ್ಲಿಯೇ ನಿಲ್ಲತಕ್ಕದ್ದು. ‘ಜಾಬ್ಸ್’ ಎಂಬ ಆಜ್ಞೆಗೆ ‘-ಎಲ್’ ಎಂದು ಸೇರಿಸಿ ಕೇಳಿದರೆ ಬ್ಯಾಷ್ ಷೆಲ್ ಕಾರಣವನ್ನೂ ಹೇಳುವುದು: ನಿಂತಿದೆ, ಟರ್ಮಿನಲ್ಲಿನಿಂದ ಓದುವುದಕ್ಕಾಗಿ ನಿಂತಿದೆ. ‘ಎಫ್‌ಜಿ’ ಎಂದು ಬರೆದು ಅದನ್ನು ಮುನ್ನೆಲೆಗೆ ಕರೆದೆವು. ಅದು ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಉತ್ತರವನ್ನು ಸುಮ್ಮನೆ ಎದುರುನೋಡುತ್ತಿತ್ತು. ಹುಡುಗನು ‘ವೈ’ ಎಂದನು. ಹಿಂದಿನ ಸಂಜೆಯ ಹತ್ತು ಫೈಲುಗಳಿಗೆ ಹತ್ತು ಸಲ ಹಾಗೆಂದ ಮೇಲೆ ಪ್ರಶ್ನೆಗಳು ಮುಗಿದುವು. ಆಮೇಲೆ ಕಂಟ್ರೋಲ್-ಜೆಡ್ ಒತ್ತಿ ನಿಲ್ಲಿಸಿ, ‘ಬಿಜಿ’ ಎಂದು ಹಿನ್ನೆಲೆಗೆ ಸರಿಸಿದೆವು. ಈ ಸಲ ಅದು ನಿಲ್ಲದೆ ನಡೆಯಿತು. ರಾತ್ರಿಯೆಲ್ಲ ವ್ಯರ್ಥವಾಗಿದ್ದರೂ, ಡಿಸ್ಕನ್ನು ಕೊಂಡೊಯ್ಯಲು ಜನ ಬರುವ ವೇಳೆಗೆ ನಕಲು ಮುಗಿದಿತ್ತು.

ನಿಲ್ಲುವುದಕ್ಕೆ ಬೇರೆ ಕಾರಣಗಳೂ ಉಂಟು. ಹಿನ್ನೆಲೆಯಿಂದ ಪರದೆಗೆ ಬರೆಯುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ‘ಟೋಸ್ಟಾಪ್’ ಎಂಬ ಕಟ್ಟಳೆಯನ್ನು ವಿಧಿಸಿದ್ದರೆ ಅದಕ್ಕೂ ತಡೆಯುಂಟು. ‘ವಿಐ’ಯಂಥ ಸಂಪಾದಕವು ಟರ್ಮಿನಲ್ಲಿನ ನಡವಳಿಕೆಯನ್ನೇ ಬದಲಿಸಹೊರಡುವುದರಿಂದ ಹಿನ್ನೆಲೆಯಲ್ಲಿ ಆ ಕಟ್ಟಳೆಯಿಲ್ಲದೆಯೂ ನಿಂತುಬಿಡುವುದು. ಇನ್ನು, ನಿಂತ ಕೆಲಸಕ್ಕೆ ಬೇರೊಂದು ಕಿಟಕಿಯಿಂದ ‘ಸಿಗ್‌ಟರ್ಮ್’ ಎಂಬ ಸೌಮ್ಯವಾದ ಸಂಕೇತವನ್ನು ಕಳುಹಿಸಿ, ಅದು ಸಾಯಲಿಲ್ಲವೆಂದು ಬೆರಗಾಗುವವರನ್ನು ಕಂಡಿದ್ದೇನೆ. ನಿಂತದ್ದು ಮತ್ತೆ ನಡೆಯತೊಡಗಿದಾಗ ಮಾತ್ರವೇ ಆ ಸಂಕೇತವು ಅದಕ್ಕೆ ಮುಟ್ಟುವುದು. ಹಾಗೆಂದು ‘ಸಿಗ್‌ಕಿಲ್’ ಪ್ರಯೋಗಿಸಿದರೆ ಆ ಕ್ಷಣವೇ ಸಾಯುವುದೇನೋ ನಿಜ; ಮಾಡುತ್ತಿದ್ದುದನ್ನು ಅಚ್ಚುಕಟ್ಟಾಗಿ ಮುಗಿಸುವ ಅವಕಾಶ ಅದಕ್ಕೆ ದೊರೆಯುವುದಿಲ್ಲ.

ರಾತ್ರಿಯಿಡೀ ಒಬ್ಬಂಟಿಯಾಗಿ ನಡೆಯಬೇಕಾದ ಕೆಲಸಕ್ಕೆ, ಅದು ಕೇಳಬಹುದಾದ ಪ್ರಶ್ನೆಗಳ ಉತ್ತರವನ್ನು ಮೊದಲೇ ಹೇಳಿ ಕಳುಹಿಸುವುದು ಉತ್ತಮ. ಬೋರ್ನ್ ಷೆಲ್ಲಿನ ಹಳೆಯ ಪದ್ಧತಿಯಂತೆ ‘ಡೆವ್‌ನಲ್’ ಎಂಬ ಬರಿಯ ಫೈಲನ್ನು ಓದಲು ಕೊಟ್ಟರೆ ಅದು ನಿಲ್ಲುವುದಿಲ್ಲ. ಆದರೆ ಉತ್ತರ ದೊರೆಯದಾಗ ಆ ಪ್ರೋಗ್ರಾಂ ಏನು ಮಾಡುವುದೆಂಬುದನ್ನು ನಾವು ಅರಿತಿರಬೇಕು. ನಕಲಿನ ಪ್ರೋಗ್ರಾಂ ಮೌನವನ್ನು ಬೇಡವೆಂದು ತಿಳಿದು ಹಳೆಯ ಫೈಲನ್ನು ಹಾಗೆಯೇ ಉಳಿಸುವುದು. ಷೆಲ್ಲಿನಿಂದ ಹೊರಡುವಾಗ, ನಿಂತ ಕೆಲಸಗಳಿವೆಯೆಂದು ಬ್ಯಾಷ್ ಒಂದು ಸಲ ಎಚ್ಚರಿಸುವುದು. ಕೇಳದೆ ಮತ್ತೆ ಹೊರಟರೆ ಅವು ಕೊನೆಗೊಳ್ಳುವುವು. ಆ ಎಚ್ಚರಿಕೆಯನ್ನು ಕಂಡಾಗ ವಾಚಕರು ಅವಸರಪಡದೆ, ಯಾರು ಯಾವ ಮಾತಿಗಾಗಿ ಕಾದಿದ್ದಾರೆಂದು ಒಮ್ಮೆ ವಿಚಾರಿಸಿ ಹೊರಡಲಿ.