ಎಷ್ಟಕ್ಕೆ ಕೇಳಲಿ ಆ ಮನೆ?

ತೆರೆಯ ಮೇಲೆ ಮನೆ ಕೊಳ್ಳೋದು ಎಷ್ಟು ಸುಲಭ ಸ್ವಾಮಿ! ನಾಯಕ ಸೂಟ್‌ಕೇಸ್ ತೆರೀತಾನೆ, ನೋಟಿನ ಕಟ್ಟು ಮೇಜಿನ ಮೇಲೆ ಬೀಳುತ್ತೆ. ಮುಂದಿನ ದೃಶ್ಯದಲ್ಲಿ ತಾಯಿ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿರುತ್ತಾಳೆ. ಎಷ್ಟಕ್ಕೆ ಕೇಳಿದ, ಎಷ್ಟಕ್ಕೆ ಮುಗೀತು... ಅದನ್ನು ಯಾವ ನಿರ್ದೇಶಕನೂ ತೋರಿಸೋದಿಲ್ಲ. ಆ ‘ಕಟ್’ ಆದ ದೃಶ್ಯದಲ್ಲಿ ಕಳೆದ ದೀಪಾವಳಿ ಹೊತ್ತಿಗೆ ನಾನೇ ಸಿಕ್ಕಿಬಿದ್ದೆ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಬರೆದರೆ ಕಾಸು, ಬರೆಯದಿದ್ದರೆ ಉಪವಾಸ. ಅಮ್ಮನಿಗೆ ಒಂದೇ ಆಸೆ, ಸ್ವಂತ ಸೂರು. ಮಣಿಪಾಲದಿಂದ ಪರ್ಕಳದ ಕಡೆ ಇಳಿಯುವಲ್ಲಿ ಮೂರು ಸೆಂಟ್ಸ್ ಜಾಗ, ಹಳೇ ಹಂಚಿನ ಮನೆ, ಒಂದು ಬಾವಿ ಕಣ್ಣಿಗೆ ಬಿತ್ತು. ಯಜಮಾನರು ಹೇಳಿದ್ದು 28 ಲಕ್ಷ!

ಮಣಿಪಾಲ ಒಂದು ಕಾಲಕ್ಕೆ ಬೋಳುಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಮೇಲೆ ಗುಡ್ಡಕ್ಕೂ ಬೆಲೆ ಬಂತು. ಈಗ ಇಲ್ಲಿ ಮಾರುವವರು ಗೋಡೆ ನೋಡಿ ಬೆಲೆ ಹೇಳೋದಿಲ್ಲ, ವಿದ್ಯಾರ್ಥಿಗಳು ಕೊಡುವ ಬಾಡಿಗೆ ನೋಡಿ ಹೇಳುತ್ತಾರೆ.

ಪರಿಚಯದ ಹಳೇ ಚಿತ್ರ ವಿತರಕರೊಬ್ಬರನ್ನು ಕೇಳಿದೆ. ಅವರು ನಕ್ಕರು. “ಟ್ರಯಲ್ ಶೋನಲ್ಲಿ ಶಿಳ್ಳೆ ಹೊಡೆದು ರೇಟು ಹೇಳಿದವನು ಮುಳುಗಿದ. ಮೊದಲು ಮನೆಯಲ್ಲಿ ಕೂತು ಚೀಟಿಯಲ್ಲಿ ಬರಿ. ಆಮೇಲೆ ಸಿನಿಮಾ ನೋಡು!”

ಬರೆದೆ. ಮೂರು ವರ್ಷದ ಐ.ಟಿ. ರಿಟರ್ನ್ಸ್ ನೋಡಿ ಬ್ಯಾಂಕಿನವರು ಒಪ್ಪಿದ ಸಾಲ 14 ಲಕ್ಷ. ತಿಂಗಳ ಕಂತು ಹನ್ನೆರಡು ಸಾವಿರದ ಮೇಲೆ, ಇಪ್ಪತ್ತು ವರ್ಷ. ಮುಂಬಯಿ ಹೋಟೆಲಿನಲ್ಲಿ ದುಡಿದು ತೀರಿಕೊಂಡ ಅಪ್ಪ ಬಿಟ್ಟದ್ದು 9, ನನ್ನದು 3. ಒಟ್ಟು 26. ಹಾಗಂತ 26ಕ್ಕೆ ಕೇಳಬಹುದೇ? ಇಲ್ಲ! ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ನೂರಕ್ಕೆ ಏಳೂವರೆ ದಾಟುತ್ತೆ. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೇ ಲೆಕ್ಕ. ಆಚಾರಿಯನ್ನು ಕರೆದೊಯ್ದು ಮಾಡು ತೋರಿಸಿದೆ. ಪಕ್ಕಾಸಿಗೆಲ್ಲ ಗೆದ್ದಲು, ದುರಸ್ತಿಗೆ ಒಂದೂವರೆ ಲಕ್ಷ.

ಗಿರೀಶ ಕಾಸರವಳ್ಳಿಯವರು ಫಾರ್ಮಸಿ ಓದಿದ ಊರಿದು. ಅವರ ‘ಮನೆ’ ಚಿತ್ರ ನೆನಪಿದೆಯೇ? ಪಕ್ಕದ ಶೆಡ್ಡಿನ ಸದ್ದು ನಾಸಿರುದ್ದೀನ್ ಷಾ, ದೀಪ್ತಿ ನಾವಲ್ ಜೋಡಿಯ ನಿದ್ದೆ ಕೆಡಿಸುತ್ತೆ. ಅದೇ ನೆನಪಲ್ಲಿ ರಾತ್ರಿ ಹನ್ನೆರಡಕ್ಕೆ ಹೋಗಿ ನಿಂತೆ. ನಾಯಿ ಬೊಗಳಿತು, ಅಷ್ಟೇ. ಮೇ ತಿಂಗಳಲ್ಲೂ ಬಾವಿ ಬತ್ತೋದಿಲ್ಲವೆಂದು ನೆರೆಯವರು ಹೇಳಿದರು. 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟು ಬತ್ತಿ ಇಡೀ ನಗರ ನೀರಿಗೆ ಬಾಯಿ ಬಿಟ್ಟಿದ್ದನ್ನು ಕಂಡವನು ನಾನು. ಬಾವಿಗೆ ಬೆಲೆ ಕೊಡಲೇಬೇಕು.

ಎಲ್ಲ ಕಳೆದು ಚೀಟಿಯ ಕೊನೆಯಲ್ಲಿ ಉಳಿದದ್ದು 22.5 ಲಕ್ಷ. ಮಡಿಸಿ ಕಿಸೆಗೆ ಹಾಕಿದೆ.

ಯಜಮಾನರ ಮನೆಯಲ್ಲಿ ಚಹಾ, ಬಿಸಿ ಗೋಳಿಬಜೆ. ಅಮ್ಮ ಬಾವಿಯಿಂದ ಒಂದು ಕೊಡ ಸೇದಿ ಬೊಗಸೆಯಲ್ಲಿ ಕುಡಿದು ನೋಡಿದಳು. ಆ ಮುಖ ಕಂಡಾಗ ನಾಲಿಗೆ ತುದಿಗೆ 25 ಬಂದಿತ್ತು ಕಣ್ರೀ!

“ಹೇಳಿ ಮಾರಾಯ್ರೆ, ಎಷ್ಟು?”

“ಇಪ್ಪತ್ತೊಂದು.”

ಅವರ ಮುಖ ಸಪ್ಪಗಾಯಿತು. ಆಚಾರಿ ಹೇಳಿದ್ದನ್ನು ವಿವರಿಸಿದೆ. ಅರ್ಧ ಗಂಟೆ ಎಳೆದಾಟ. ಅವರು 24ಕ್ಕೆ ಇಳಿದರು, ನಾನು 22.5ಕ್ಕೆ ಏರಿದೆ. ಅಲ್ಲಿಗೆ ಇಬ್ಬರೂ ನಿಂತೆವು.

ಅಮ್ಮ ಮೆಲ್ಲಗೆ, “ನನ್ನ ಬಳೆ ಉಂಟಲ್ಲ ಮಗಾ” ಅಂದಳು.

ಚೀಟಿಯಲ್ಲಿ ಬಳೆ ಇರಲಿಲ್ಲ. ನಾಳೆ ಅಮ್ಮ ಹಾಸಿಗೆ ಹಿಡಿದರೆ ಆ ಎರಡು ಬಳೆ ಬಿಟ್ಟು ನಮಗೆ ಬೇರೆ ಗತಿ ಇಲ್ಲ. 1971ರ ‘ಕಸ್ತೂರಿ ನಿವಾಸ’ದಲ್ಲಿ ಅಣ್ಣಾವ್ರು ಕೊಟ್ಟೂ ಕೊಟ್ಟೂ ಬರಿಗೈಯಾದಾಗ ಅತ್ತವನು ನಾನು. ಅಳೋದು ಥಿಯೇಟರಿನಲ್ಲಿ ಸರಿ. ಕೈ ಮುಗಿದು ಎದ್ದುಬಂದೆ.

ತಿಂಗಳೊಳಗೆ ಮನೆ ಬೇರೆಯವರ ಪಾಲಾಯಿತು. ಅಮ್ಮ ಎರಡು ದಿನ ಮಾತಾಡಲಿಲ್ಲ.

ಗೆಳೆಯರೇ, ನಾನು ಮಾಡಿದ್ದು ಸರಿಯೋ ತಪ್ಪೋ ನೀವೇ ಹೇಳಿ. ಚೀಟಿ ಇನ್ನೂ ಕಿಸೆಯಲ್ಲಿದೆ, ಹುಡುಕಾಟ ನಡೆದಿದೆ. ಮೊನ್ನೆ ಬಾಡಿಗೆ ಮನೆಯ ನಲ್ಲಿಗೆ ಕೊಡ ಹಿಡಿಯುತ್ತಾ ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು: “ಆ ಬಾವಿ ನೀರು ಸಿಹಿ ಇತ್ತು.”